ಹೊಟ್ಟೆಯ ಮಹಾಪಧಮನಿಯ ಉಬ್ಬಿಗೆ ಸ್ಟೆಮ್ ಸೆಲ್: ಒಪ್ಪುವ ಮುನ್ನ ಏನನ್ನು, ಹೇಗೆ ಪರಿಶೀಲಿಸಬೇಕು

ಮೊದಲು ಸ್ಕ್ಯಾನ್ ವರದಿ ತೆಗೆದು ಒಂದು ಅಂಕಿಯನ್ನು ಹುಡುಕಿ: ಹೊಟ್ಟೆಯ ಮಹಾಪಧಮನಿಯ, ಅಂದರೆ ಹೃದಯದಿಂದ ಕೆಳಗಿಳಿಯುವ ಮುಖ್ಯ ರಕ್ತನಾಳದ, ಗರಿಷ್ಠ ವ್ಯಾಸ. ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಚಿಕಿತ್ಸೆ ನಿಮ್ಮ ಮಟ್ಟಿಗೆ ಯೋಚಿಸುವ ವಿಷಯ ಹೌದೋ ಅಲ್ಲವೋ ಎಂಬುದು ಬಹುಪಾಲು ಈ ಒಂದು ಅಂಕಿಯಲ್ಲೇ ತೀರ್ಮಾನವಾಗುತ್ತದೆ. ಮೂತ್ರಪಿಂಡಗಳ ಕೆಳಗೆ ಈ ನಾಳ ಸಾಮಾನ್ಯವಾಗಿ ಸುಮಾರು 2 ಸೆಂ.ಮೀ. ಅಗಲವಿರುತ್ತದೆ. ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ, ಅಂದರೆ ನಾಳದ ಉಬ್ಬು ಎನ್ನುತ್ತಾರೆ. ಗಂಡಸರಲ್ಲಿ 5.5, ಹೆಂಗಸರಲ್ಲಿ 5.0 ಸೆಂ.ಮೀ. ಆದಾಗ ಉಬ್ಬು ಒಡೆಯುವ ಅಪಾಯ ಹೆಚ್ಚುವುದರಿಂದ ದುರಸ್ತಿಯ ಮಾತು ಬರುತ್ತದೆ. ವರ್ಷಕ್ಕೆ 1 ಸೆಂ.ಮೀ.ಗಿಂತ ಹೆಚ್ಚು ಬೆಳೆದರೆ ಅಥವಾ ನೋವು ಕಾಣಿಸಿಕೊಂಡರೆ ಅಳತೆ ಕಡಿಮೆಯಿದ್ದರೂ ರಕ್ತನಾಳ ಶಸ್ತ್ರವೈದ್ಯರನ್ನು ತಡಮಾಡದೆ ಕಾಣಬೇಕು.

3ಕ್ಕೂ 5.5ಕ್ಕೂ (ಹೆಂಗಸರಲ್ಲಿ 5.0ಕ್ಕೂ) ನಡುವಿನದು ಕಾಯುವ ಕಾಲ. ಈ ಹಂತದಲ್ಲೇ ಶಸ್ತ್ರಚಿಕಿತ್ಸೆ ಮಾಡಿಬಿಟ್ಟರೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆಗೆ ಎರಡು ದೊಡ್ಡ ಅಧ್ಯಯನಗಳು ಉತ್ತರ ಕೊಟ್ಟಿವೆ: 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಣ್ಣ ಅನ್ಯೂರಿಸಂ ಅಧ್ಯಯನ (1,090 ಜನ) ಮತ್ತು 2002ರಲ್ಲಿ ಬಂದ ಅಮೆರಿಕದ ಆಡಂ ಅಧ್ಯಯನ (1,136 ಜನ). 5.5ಕ್ಕೆ ಮೊದಲೇ ಹೊಟ್ಟೆ ತೆರೆದು ದುರಸ್ತಿ ಮಾಡಿದವರು ಸ್ಕ್ಯಾನ್ ಮಾಡಿಸುತ್ತ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಆದ್ದರಿಂದ ಸಣ್ಣ ಉಬ್ಬಿರುವವರು ವರ್ಷಗಟ್ಟಲೆ ಕಾಯುತ್ತಾರೆ. ಹೊಟ್ಟೆಯಲ್ಲಿ ಇಂಥದ್ದೊಂದು ಇದೆ, ಆದರೆ ಸದ್ಯಕ್ಕೆ ಏನೂ ಮಾಡಬೇಕಿಲ್ಲ ಎಂದು ಕೇಳಿಸಿಕೊಂಡು ಮನೆಗೆ ಹೋಗುವುದು ಸುಲಭವಲ್ಲ. ಸ್ಟೆಮ್ ಸೆಲ್ ಸಂಶೋಧನೆ ತುಂಬಲು ಹೊರಟಿರುವುದು ಈ ಖಾಲಿ ಜಾಗವನ್ನೇ. ಸ್ಟೆಮ್ ಸೆಲ್ ವ್ಯಾಪಾರ ಕಣ್ಣಿಟ್ಟಿರುವುದೂ ಇದೇ ಜಾಗದ ಮೇಲೆ. ಎರಡನ್ನೂ ಬೇರ್ಪಡಿಸಿ ನೋಡುವ ಬಗೆಯನ್ನು ಕೆಳಗೆ ಹಂತಹಂತವಾಗಿ ಬರೆದಿದೆ.

ನಿಮ್ಮ ಅಳತೆ ಆಗಲೇ 5.5 (ಹೆಂಗಸರಾದರೆ 5.0) ದಾಟಿದ್ದರೆ ಮುಂದೆ ಓದುವ ಮೊದಲು ಶಸ್ತ್ರವೈದ್ಯರ ಭೇಟಿಯನ್ನು ನಿಗದಿ ಮಾಡಿಕೊಳ್ಳಿ. ಆ ಗಾತ್ರದಲ್ಲಿ ತೆರೆದ ಶಸ್ತ್ರಚಿಕಿತ್ಸೆ ಅಥವಾ ತೊಡೆಯ ನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ ಎಂಬ ಬಟ್ಟೆ ಹೊದಿಸಿದ ಕೊಳವೆ ಕೂರಿಸುವುದು, ಇವೆರಡೇ ದಾರಿ. ಸ್ಟೆಮ್ ಸೆಲ್‌ಗಾಗಿ ದುರಸ್ತಿಯನ್ನು ಮುಂದೂಡುವುದು ಜೀವಕ್ಕೆ ಅಪಾಯ.

ಕೋಶಗಳು ಹೊಸ ಗೋಡೆ ಕಟ್ಟುವುದಿಲ್ಲ

ಜಾಹೀರಾತಿನ ಚಿತ್ರದಲ್ಲಿ ಕೋಶಗಳು ಉಬ್ಬಿದ ಜಾಗಕ್ಕೆ ಹೋಗಿ, ಇಟ್ಟಿಗೆಯಂತೆ ಕೂತು, ನಾಳದ ಗೋಡೆಯನ್ನು ಮತ್ತೆ ಕಟ್ಟುತ್ತವೆ. ನಡೆಯುವುದು ಅದಲ್ಲ.

ಉಬ್ಬಿದ ಗೋಡೆಯೊಳಗೆ ಮೂರು ಕೆಲಸ ಒಟ್ಟಿಗೆ ಸಾಗಿರುತ್ತವೆ. ಉರಿಯೂತದ ಕೋಶಗಳು, ಮುಖ್ಯವಾಗಿ ಮ್ಯಾಕ್ರೊಫೇಜ್ ಮತ್ತು ಟಿ ಕೋಶಗಳು, ಅಲ್ಲಿ ಬೀಡುಬಿಟ್ಟಿರುತ್ತವೆ. ಎಂಎಂಪಿ-2, ಎಂಎಂಪಿ-9 ಎಂಬ ಕಿಣ್ವಗಳು ಎಲಾಸ್ಟಿನ್ ಎಳೆಗಳನ್ನು ಕತ್ತರಿಸುತ್ತಿರುತ್ತವೆ. ಆ ಎಳೆಗಳನ್ನು ನೋಡಿಕೊಳ್ಳಬೇಕಾದ ನಯ ಸ್ನಾಯುಕೋಶಗಳು ಸಾಯುತ್ತಿರುತ್ತವೆ. ಎಲಾಸ್ಟಿನ್ ಎಂದರೆ ನಾಳ ಪ್ರತಿ ಬಡಿತಕ್ಕೂ ಹಿಗ್ಗಿ ಮತ್ತೆ ಕುಗ್ಗುವಂತೆ ಮಾಡುವ ಎಳೆ. ದೇಹ ಅದನ್ನು ಬಹುಪಾಲು ಹುಟ್ಟುವ ಮೊದಲು ಮತ್ತು ಬಾಲ್ಯದಲ್ಲಿ ನೇಯ್ದು ಮುಗಿಸಿಬಿಡುತ್ತದೆ. ದೊಡ್ಡವರಲ್ಲಿ ಒಮ್ಮೆ ಹರಿದ ಪದರ ಮೊದಲಿನ ಕ್ರಮದಲ್ಲಿ ಮತ್ತೆ ಹೆಣೆದುಕೊಳ್ಳುವುದಿಲ್ಲ.

ಈ ಕಾಯಿಲೆಯಲ್ಲಿ ಹೆಚ್ಚಾಗಿ ಪರೀಕ್ಷಿಸಲ್ಪಟ್ಟಿರುವುದು ಮೆಸೆಂಕೈಮಲ್ ಕೋಶಗಳು. ಅಸ್ಥಿಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ ಇವುಗಳ ಮೂಲ. ಇವು ತಾವೇ ನಾಳವಾಗುವುದಕ್ಕಿಂತ ಸುತ್ತಲಿನ ರೋಗನಿರೋಧಕ ಕೋಶಗಳಿಗೆ ಶಮನದ ಸಂಕೇತ ಕಳಿಸುತ್ತವೆ: ಪ್ರೋಸ್ಟಗ್ಲ್ಯಾಂಡಿನ್ ಇ2, ಟಿಎಸ್‌ಜಿ-6, ಎಕ್ಸೊಸೋಮ್ ಎಂಬ ಅತಿಸೂಕ್ಷ್ಮ ಚೀಲಗಳು ಮುಂತಾದವು. 1991ರಲ್ಲಿ ಇವಕ್ಕೆ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು ಚಾಲ್ತಿಗೆ ತಂದ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬದಲಾಗಬೇಕು, ಇವು ಸಂಕೇತ ಕೊಡುವ ಕೋಶಗಳು ಎಂದು ಬರೆದರು.

ರಕ್ತನಾಳಕ್ಕೆ ಡ್ರಿಪ್ ಮೂಲಕ ಬಿಟ್ಟ ಕೋಶಗಳು ಎಲ್ಲಿ ಹೋಗುತ್ತವೆ ಎಂಬುದನ್ನೂ ತಿಳಿದಿರಿ. ಪ್ರಯೋಗಾಲಯದಲ್ಲಿ ಬೆಳೆಸಿದ ಈ ಕೋಶದ ಅಗಲ 15ರಿಂದ 30 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಶ್ವಾಸಕೋಶದ ಲೋಮನಾಳದ, ಅಂದರೆ ಅತಿ ಸಣ್ಣ ರಕ್ತನಾಳದ ಅಗಲ 5ರಿಂದ 10 ಮೈಕ್ರಾನ್. ಹೀಗಾಗಿ ಹೆಚ್ಚಿನವು ಮೊದಲ ಸುತ್ತಿನಲ್ಲೇ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ, ಕೆಲವೇ ದಿನಗಳಲ್ಲಿ ಇಲ್ಲವಾಗುತ್ತವೆ. ಪರಿಣಾಮವೇನಾದರೂ ಇದ್ದರೆ ಅದು ಅವು ಬಿಟ್ಟುಹೋದ ಸಂಕೇತದಿಂದ.

ಆದ್ದರಿಂದ ನ್ಯಾಯವಾಗಿ ಇಡಬಹುದಾದ ನಿರೀಕ್ಷೆ ಇಷ್ಟೇ: ಸಣ್ಣ ಉಬ್ಬಿನ ಉರಿಯೂತ ತಗ್ಗಿ ಬೆಳವಣಿಗೆ ನಿಧಾನವಾಗಬಹುದೇ? ಪರೀಕ್ಷೆಗೆ ಯೋಗ್ಯವಾದ, ಒಳ್ಳೆಯ ಪ್ರಶ್ನೆ ಇದು. ಉಬ್ಬು ಮಾಯವಾಗುತ್ತದೆ, ಗೋಡೆ ಹೊಸದಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಜೀವಶಾಸ್ತ್ರ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ.

ಇಲಿಗಳಲ್ಲಿ ಫಲ ಕಂಡಿದೆ ಎಂಬ ಮಾತೂ ಬರುತ್ತದೆ. ಅದು ನಿಜ. ಆದರೆ ಇಲಿಯ ಉಬ್ಬನ್ನು ಎಲಾಸ್ಟೇಸ್ ಕಿಣ್ವ ಹರಿಸಿಯೋ ಆಂಜಿಯೊಟೆನ್ಸಿನ್-2 ಕೊಟ್ಟೋ ಕೆಲವು ದಿನ, ಕೆಲವು ವಾರಗಳಲ್ಲಿ ಬರಿಸಿರುತ್ತಾರೆ, ಮತ್ತು ಎಷ್ಟೋ ಪ್ರಯೋಗಗಳಲ್ಲಿ ಉಬ್ಬು ಬಲಿಯುವ ಮೊದಲೇ ಕೋಶ ಕೊಟ್ಟಿರುತ್ತಾರೆ. ಮನುಷ್ಯರದು ಹತ್ತಿಪ್ಪತ್ತು ವರ್ಷ ಸವೆದ ಗೋಡೆ. ಡಾಕ್ಸಿಸೈಕ್ಲಿನ್ ಮಾತ್ರೆಯ ಉದಾಹರಣೆ ಕಣ್ಣಮುಂದಿದೆ: ಇಲಿಗಳಲ್ಲಿ ಉಬ್ಬನ್ನು ತಡೆದ ಅದೇ ಔಷಧವನ್ನು ಸಣ್ಣ ಉಬ್ಬಿನ ರೋಗಿಗಳಿಗೆ 100 ಮಿ.ಗ್ರಾಂನಂತೆ ದಿನಕ್ಕೆ ಎರಡು ಬಾರಿ ಎರಡು ವರ್ಷ ಕೊಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಬೆಳವಣಿಗೆ ಕಡಿಮೆಯಾಗಿರಲಿಲ್ಲ.

ಮಿಲಿಮೀಟರಿನ ಲೆಕ್ಕ

‘ನಮ್ಮ ರೋಗಿಯ ಉಬ್ಬು 3 ಮಿ.ಮೀ. ಕುಗ್ಗಿತು’ ಎಂಬ ಮಾತಿಗೆ ಮರುಳಾಗದಿರಲು ಅಳತೆಯ ವಿಧಾನ ಗೊತ್ತಿರಬೇಕು. ಅಲ್ಟ್ರಾಸೌಂಡಿನಲ್ಲಿ ನಾಳದ ಒಳಗೋಡೆಯಿಂದ ಒಳಗೋಡೆಗೆ ಅಳೆಯುವವರಿದ್ದಾರೆ, ಹೊರಗೋಡೆಯಿಂದ ಹೊರಗೋಡೆಗೆ ಅಳೆಯುವವರೂ ಇದ್ದಾರೆ. ಇದೊಂದರಿಂದಲೇ ಸುಮಾರು 3 ಮಿ.ಮೀ. ವ್ಯತ್ಯಾಸ ಬರುತ್ತದೆ. ಹೃದಯ ಹಿಂಡಿದ ಕ್ಷಣದಲ್ಲಿ ಅಳೆದರೋ ಸಡಿಲಿಸಿದ ಕ್ಷಣದಲ್ಲಿ ಅಳೆದರೋ ಎಂಬುದರಿಂದ ಇನ್ನು 1–2 ಮಿ.ಮೀ. ಸಿಟಿ ಸ್ಕ್ಯಾನಿನಲ್ಲಿ ನಾಳ ಓರೆಯಾಗಿ ಸಾಗುವ ಕಡೆ ಅಡ್ಡಕೊಯ್ತದ ಚಿತ್ರದಲ್ಲೇ ಅಳೆದುಬಿಟ್ಟರೆ ಉಬ್ಬು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾಳದ ನಡುಗೆರೆಗೆ ಲಂಬವಾಗಿ ಅಳೆಯಬೇಕು. ಸಿಟಿಯ ಅಳತೆ ಅಲ್ಟ್ರಾಸೌಂಡಿಗಿಂತ ಹಲವು ಮಿ.ಮೀ. ಹೆಚ್ಚು ಬರುವುದೂ ಸಾಮಾನ್ಯ.

ಸಣ್ಣ ಉಬ್ಬು ವರ್ಷಕ್ಕೆ ಸರಾಸರಿ ಬೆಳೆಯುವುದೇ 2–3 ಮಿ.ಮೀ. ಅಳತೆಯ ದೋಷವೂ ಅಷ್ಟೇ ಇದೆ. ಒಬ್ಬ ರೋಗಿಯ ಎರಡು ಸ್ಕ್ಯಾನ್ ಇಟ್ಟುಕೊಂಡು ಚಿಕಿತ್ಸೆ ಫಲಿಸಿತೆಂದು ಹೇಳಲು ಬರುವುದಿಲ್ಲ. ಅದನ್ನು ತೋರಿಸಲು ಚಿಕಿತ್ಸೆ ಪಡೆಯದ ಗುಂಪು ಬೇಕು, ದೊಡ್ಡ ಸಂಖ್ಯೆಯ ಜನ ಬೇಕು, ವರ್ಷಗಳ ಕಾಲ ಒಂದೇ ವಿಧಾನದ ಅಳತೆ ಬೇಕು, ಅಳೆಯುವವರಿಗೆ ಯಾರಿಗೆ ಕೋಶ ಕೊಟ್ಟಿದೆ ಎಂಬುದು ಗೊತ್ತಿರಬಾರದು.

ನೀವು ಮಾಡಬೇಕಾದದ್ದು ಇದು. ಒಂದು ಹಾಳೆಯಲ್ಲಿ ಪ್ರತಿ ಸ್ಕ್ಯಾನಿನ ದಿನಾಂಕ, ಯಂತ್ರ (ಅಲ್ಟ್ರಾಸೌಂಡ್ ಅಥವಾ ಸಿಟಿ), ಅಳೆದ ದಿಕ್ಕು, ಒಳ-ಒಳ ಅಥವಾ ಹೊರ-ಹೊರ, ಮಿ.ಮೀ.ನಲ್ಲಿ ವ್ಯಾಸ, ಇಷ್ಟನ್ನು ಬರೆದಿಡಿ. ಸಾಧ್ಯವಾದಷ್ಟು ಒಂದೇ ಕಡೆ, ಒಂದೇ ವಿಧಾನದಲ್ಲಿ ಮಾಡಿಸಿ. ಅಲ್ಟ್ರಾಸೌಂಡಿಗೆ ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋದರೆ ಕರುಳಿನ ಗಾಳಿ ಅಡ್ಡ ಬರುವುದು ಕಡಿಮೆ. ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘದ 2018ರ ಸೂತ್ರ: 3.0–3.9 ಸೆಂ.ಮೀ. ಇದ್ದರೆ 3 ವರ್ಷಕ್ಕೊಮ್ಮೆ, 4.0–4.9 ಇದ್ದರೆ ವರ್ಷಕ್ಕೊಮ್ಮೆ, 5.0–5.4 ಇದ್ದರೆ 6 ತಿಂಗಳಿಗೊಮ್ಮೆ. ಬ್ರಿಟನ್ನಿನಲ್ಲಿ 4.5 ದಾಟಿದರೆ 3 ತಿಂಗಳಿಗೇ ಕರೆಯುತ್ತಾರೆ.

ಪ್ರಯೋಗವೋ, ಮಾರಾಟವೋ

ಈ ಕಾಯಿಲೆಗೆ ಸ್ಟೆಮ್ ಸೆಲ್ ಪಡೆಯಲು ಸರಿಯಾದ ದಾರಿ ಒಂದೇ: ನೋಂದಾಯಿತ ಕ್ಲಿನಿಕಲ್ ಪ್ರಯೋಗ. ಇಂಥ ಪ್ರಯೋಗ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ‘ಅರೆಸ್ಟ್’ ಪ್ರಯೋಗದ ವಿನ್ಯಾಸವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಮೊದಲ ಹಂತದ ಪ್ರಯೋಗ, ಸಣ್ಣ ಉಬ್ಬಿರುವ 36 ಜನ, ಮೂರು ಗುಂಪು. ಒಂದಕ್ಕೆ ಪ್ಲಸೀಬೊ (ಕೋಶವಿಲ್ಲದ ಹುಸಿ ಮದ್ದು), ಇನ್ನೊಂದಕ್ಕೆ ದೇಹತೂಕದ ಪ್ರತಿ ಕಿಲೋಗೆ 10 ಲಕ್ಷ ಕೋಶ, ಮತ್ತೊಂದಕ್ಕೆ ಕಿಲೋಗೆ 30 ಲಕ್ಷ. ಕೋಶಗಳು ದಾನಿಯ ಅಸ್ಥಿಮಜ್ಜೆಯವು. ಯಾರಿಗೆ ಏನು ಹೋಯಿತೆಂದು ರೋಗಿಗೂ ವೈದ್ಯರಿಗೂ ತಿಳಿಯದ ವ್ಯವಸ್ಥೆ. ಮುಖ್ಯ ಪ್ರಶ್ನೆ ಸುರಕ್ಷತೆ. ಜೊತೆಗೆ ಪೆಟ್-ಸಿಟಿ ಎಂಬ ಸ್ಕ್ಯಾನಿನಲ್ಲಿ ಕಾಣುವ ಉರಿಯೂತದ ಬದಲಾವಣೆ. ಉಬ್ಬು ಒಡೆಯುವುದನ್ನು ತಡೆಯುತ್ತದೆಯೇ ಎಂದು ತೀರ್ಮಾನಿಸಲು 36 ಜನ ಸಾಲುವುದಿಲ್ಲ; ಅದನ್ನು ತೀರ್ಮಾನಿಸಲೆಂದು ಅದನ್ನು ರೂಪಿಸಿಯೂ ಇಲ್ಲ.

ನಿಮ್ಮ ಮುಂದೆ ಬಂದಿರುವ ‘ಪ್ರಯೋಗ’ವನ್ನು ಇದರ ಪಕ್ಕ ಇಟ್ಟು ನೋಡಿ. ನೋಂದಣಿ ಸಂಖ್ಯೆ ಕೇಳಿ, ಕ್ಲಿನಿಕಲ್ ಟ್ರಯಲ್ಸ್ ಡಾಟ್ ಗವ್ ಎಂಬ ಅಮೆರಿಕ ಸರ್ಕಾರದ ಜಾಲತಾಣ ಅಥವಾ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ ಪಟ್ಟಿಯಲ್ಲಿ ಆ ಸಂಖ್ಯೆ ಹಾಕಿ ತೆರೆಯಿರಿ. ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಅನುಮೋದನೆ ಸಿಕ್ಕಿದೆ ಎಂದರ್ಥವಲ್ಲ. ರೋಗಿಯಿಂದಲೇ ಹಣ ಪಡೆಯುವ ಅಧ್ಯಯನಗಳೂ ಅಲ್ಲಿ ಸೇರಿಕೊಂಡಿವೆ. ಹಾಗಾಗಿ ಒಳಗಿನ ಸಾಲುಗಳನ್ನು ಓದಿ. ಕಾಯಿಲೆಯ ಹೆಸರಿನಲ್ಲಿ ಹೊಟ್ಟೆಯ ಮಹಾಪಧಮನಿಯ ಅನ್ಯೂರಿಸಂ ಇದೆಯೇ, ಅಥವಾ ಮಂಡಿನೋವಿನಿಂದ ಮರೆವಿನವರೆಗೆ ಹತ್ತು ಕಾಯಿಲೆ ಒಟ್ಟಿಗೆ ಬರೆದಿದೆಯೇ? ಹೋಲಿಕೆಯ ಗುಂಪು ಇದೆಯೇ? ಫಲಿತಾಂಶ ಎಂದು ವ್ಯಾಸವನ್ನೋ ಉರಿಯೂತವನ್ನೋ ಇಟ್ಟಿದ್ದಾರೆಯೇ, ಅಥವಾ ‘ಜೀವನದ ಗುಣಮಟ್ಟ’ ಎಂದು ಬಿಟ್ಟಿದ್ದಾರೆಯೇ? ಲಕ್ಷಣವೇ ಇಲ್ಲದ ಕಾಯಿಲೆಯಲ್ಲಿ ಜೀವನದ ಗುಣಮಟ್ಟ ಅಳೆದು ಪ್ರಯೋಜನವಿಲ್ಲ.

ಹಣದ ವಿಷಯ ಸ್ಪಷ್ಟವಾಗಿರಲಿ. ಪರೀಕ್ಷೆಯ ಹಂತದ ಕೋಶಕ್ಕೆ ರೋಗಿ ಬೆಲೆ ಕೊಡಬೇಕೆಂದರೆ ಅಲ್ಲಿಂದ ಎದ್ದು ಬನ್ನಿ. ಹಣ ಕೊಟ್ಟವರಿಗೆ ಪ್ಲಸೀಬೊ ಕೊಡಲಾಗದು. ಪ್ಲಸೀಬೊ ಇಲ್ಲದೆ ಮೇಲಿನ ಮಿಲಿಮೀಟರಿನ ಪ್ರಶ್ನೆಗೆ ಉತ್ತರ ಸಿಗದು.

‘ಎಫ್‌ಡಿಎ ಒಪ್ಪಿದ ಸ್ಟೆಮ್ ಸೆಲ್’ ಎಂಬ ಮಾತನ್ನೂ ತೂಗಿ ನೋಡಿ. ಇದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ. ಅಮೆರಿಕದಲ್ಲಿ ಮೆಸೆಂಕೈಮಲ್ ಕೋಶದ ಮೊದಲ ಔಷಧಕ್ಕೆ ಅನುಮತಿ ಸಿಕ್ಕಿದ್ದು 2024ರ ಡಿಸೆಂಬರಿನಲ್ಲಿ. ಅದು ಅಸ್ಥಿಮಜ್ಜೆ ಕಸಿಯ ನಂತರ ಮಕ್ಕಳಿಗೆ ಬರುವ, ಸ್ಟಿರಾಯ್ಡಿಗೆ ಬಗ್ಗದ ಒಂದು ತೀವ್ರ ತೊಂದರೆಗೆ. ಮಹಾಪಧಮನಿಗೂ ಅದಕ್ಕೂ ಸಂಬಂಧವಿಲ್ಲ. ಕೋಶವಿಲ್ಲದ ‘ಎಕ್ಸೊಸೋಮ್’ ಚುಚ್ಚುಮದ್ದಿನ ಬಗ್ಗೆ ಅದೇ ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತ್ತು.

ಕೋಶದ ಚೀಲದ ಜೊತೆ ಇರಬೇಕಾದ ಕಾಗದ

ಬೆಳಿಗ್ಗೆ ಕೊಬ್ಬು ತೆಗೆದು ಮಧ್ಯಾಹ್ನ ಅದನ್ನೇ ಡ್ರಿಪ್ ಹಾಕುತ್ತೇವೆ ಎಂದರೆ ಅದು ಮೆಸೆಂಕೈಮಲ್ ಕೋಶ ಚಿಕಿತ್ಸೆ ಅಲ್ಲ. ಹಲವು ಬಗೆಯ ಕೋಶಗಳ ಮಿಶ್ರಣ. ಅಸ್ಥಿಮಜ್ಜೆಯಲ್ಲಿ ಈ ಕೋಶ ಹತ್ತು ಸಾವಿರಕ್ಕೋ ಲಕ್ಷಕ್ಕೋ ಒಂದು ಸಿಗುವಷ್ಟು ವಿರಳ. 70 ಕಿಲೋ ತೂಕದವರಿಗೆ ಕಿಲೋಗೆ 10 ಲಕ್ಷದಂತೆ 7 ಕೋಟಿ, 30 ಲಕ್ಷದಂತೆ 21 ಕೋಟಿ ಕೋಶ ಬೇಕು. ಇಷ್ಟಾಗಲು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಲೇಬೇಕು. ವಯಸ್ಸಾದಂತೆ ಕೋಶಗಳು ಬೆಳೆಯುವ ಶಕ್ತಿಯೂ ಕುಗ್ಗುವುದರಿಂದ, ಈ ಉಬ್ಬು ಬರುವ ವಯಸ್ಸಿನವರ ಸ್ವಂತ ಕೋಶಕ್ಕಿಂತ ಆರೋಗ್ಯವಂತ ಕಿರಿಯ ದಾನಿಯ ಕೋಶವನ್ನು ಆರಿಸುವುದಕ್ಕೆ ಕಾರಣವಿದೆ.

ಅಂತರರಾಷ್ಟ್ರೀಯ ಕೋಶ ಚಿಕಿತ್ಸಾ ಸಂಘ 2006ರಲ್ಲಿ ಕನಿಷ್ಠ ಗುರುತುಗಳನ್ನು ನಿಗದಿ ಮಾಡಿದೆ. ಕೋಶ ಪ್ಲಾಸ್ಟಿಕ್ ತಟ್ಟೆಗೆ ಅಂಟಿ ಬೆಳೆಯಬೇಕು. ಶೇ 95ಕ್ಕಿಂತ ಹೆಚ್ಚು ಕೋಶಗಳಲ್ಲಿ ಸಿಡಿ 73, ಸಿಡಿ 90, ಸಿಡಿ 105 ಎಂಬ ಮೇಲ್ಮೈ ಗುರುತುಗಳು ಇರಬೇಕು. ಸಿಡಿ 34, ಸಿಡಿ 45, ಎಚ್‌ಎಲ್‌ಎ-ಡಿಆರ್ ಮುಂತಾದ ರಕ್ತಕೋಶದ ಗುರುತುಗಳು ಶೇ 2ಕ್ಕಿಂತ ಹೆಚ್ಚಿರಬಾರದು. ಮೂಳೆ, ಕೊಬ್ಬು, ಮೃದ್ವಸ್ಥಿ ಮೂರೂ ಆಗಬಲ್ಲ ಶಕ್ತಿ ತೋರಿಸಬೇಕು. ಇದರ ಜೊತೆಗೆ ಬ್ಯಾಚಿನ ಪ್ರಮಾಣಪತ್ರದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ, ಮೈಕೊಪ್ಲಾಸ್ಮಾ ಇಲ್ಲವೆಂಬ ಫಲಿತಾಂಶ, ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಮಟ್ಟ, ದಾನಿಯ ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ, ಎಷ್ಟನೇ ಸಲ ಮರುಬೆಳೆಸಿದ್ದು ಎಂಬುದು, ಹೆಪ್ಪುಗಟ್ಟಿಸಿಟ್ಟ ಚೀಲವನ್ನು ಕರಗಿಸಿದ ನಂತರ ಜೀವಂತ ಕೋಶಗಳ ಪಾಲು ಇರಬೇಕು. ಈ ಪಾಲು ಸಾಮಾನ್ಯವಾಗಿ ಶೇ 70ಕ್ಕಿಂತ ಕೆಳಗಿದ್ದರೆ ಚೀಲವನ್ನು ಬಳಸುವುದಿಲ್ಲ. ಲೆಕ್ಕದಲ್ಲಿ ಎಡವುವುದೂ ಇಲ್ಲೇ: ಹೆಪ್ಪುಗಟ್ಟಿಸುವಾಗ 10 ಕೋಟಿ ತುಂಬಿದ ಚೀಲದಲ್ಲಿ ಕರಗಿಸಿದಾಗ ಶೇ 80 ಜೀವಂತವಿದ್ದರೆ ನಿಮಗೆ ಸಿಕ್ಕಿದ್ದು 8 ಕೋಟಿ. ಬರೆದಿರುವ ಪ್ರಮಾಣ ಯಾವ ಎಣಿಕೆಯದು ಎಂದು ಕೇಳಿ.

ಈ ಪರೀಕ್ಷೆಗಳು ಕಾಗದದ ಶಾಸ್ತ್ರವಲ್ಲ. 2018ರಲ್ಲಿ ಅಮೆರಿಕದ ಮೂರು ರಾಜ್ಯಗಳಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ ಉತ್ಪನ್ನ ಪಡೆದ 12 ಜನ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು. ತೆರೆಯದ ಬಾಟಲಿಗಳಲ್ಲೂ ಬ್ಯಾಕ್ಟೀರಿಯಾ ಸಿಕ್ಕಿತು.

ಯಾರು ಸೇರಬಾರದು

ಸದ್ಯ ಸೋಂಕು ಇರುವವರು, ಈಚೆಗೆ ಕ್ಯಾನ್ಸರ್ ಆದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಮುಚ್ಚಿಡಬೇಡಿ. ಈ ಕೋಶಗಳ ಮೇಲ್ಮೈಯಲ್ಲಿ ಟಿಶ್ಯೂ ಫ್ಯಾಕ್ಟರ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಇರುತ್ತದೆ. ಕೊಬ್ಬಿನ ಮೂಲದವುಗಳಲ್ಲಿ ಅಸ್ಥಿಮಜ್ಜೆಯವುಗಳಿಗಿಂತ ಹೆಚ್ಚು. ಮುಂದೆ ಮೂತ್ರಪಿಂಡ ಕಸಿ ಬೇಕಾಗಬಹುದಾದವರು ಇನ್ನೊಂದು ಮಾತು ಕೇಳಲೇಬೇಕು: ದಾನಿಯ ಕೋಶದಿಂದ ಎಚ್‌ಎಲ್‌ಎ ಪ್ರತಿಕಾಯ, ಅಂದರೆ ಬೇರೆಯವರ ಅಂಗಾಂಶವನ್ನು ಪರಕೀಯವೆಂದು ಗುರುತಿಸುವ ಪ್ರೋಟೀನ್ ಹುಟ್ಟಿದರೆ ಆಮೇಲೆ ಹೊಂದುವ ಅಂಗ ಸಿಗುವುದು ಕಷ್ಟವಾಗಬಹುದು.

ಕ್ಯಾಥೆಟರ್ ಎಂಬ ಸಣ್ಣ ಕೊಳವೆ ತೂರಿಸಿ ಉಬ್ಬಿನ ಗೋಡೆಗೇ ಕೋಶ ಚುಚ್ಚುತ್ತೇವೆ ಎಂಬ ಪ್ರಸ್ತಾಪಕ್ಕೆ ಒಪ್ಪಬೇಡಿ. ತೆಳುವಾದ ಗೋಡೆಗೆ ಸೂಜಿ ತಾಗಿಸುವುದೇ ಅಪಾಯ. ಮೇಲಾಗಿ ಬಹಳಷ್ಟು ಉಬ್ಬುಗಳ ಒಳಗೆ ಹಳೆಯ ಹೆಪ್ಪು ಪದರಪದರವಾಗಿ ಅಂಟಿರುತ್ತದೆ. ಅದರ ಚೂರು ಕಿತ್ತು ಕಾಲಿನ ನಾಳಕ್ಕೋ ಮೂತ್ರಪಿಂಡಕ್ಕೋ ಹೋಗಿ ಕೂತರೆ ರಕ್ತಸಂಚಾರವೇ ನಿಲ್ಲಬಹುದು.

ಡ್ರಿಪ್ ಹಾಕುವ ದಿನ

ಕೋಶಗಳು ದ್ರವ ಸಾರಜನಕದ ಆವಿಯಲ್ಲಿ, ಸೊನ್ನೆಗಿಂತ 150 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ, ಡಿಎಂಎಸ್‌ಒ ಎಂಬ, ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಪಾಡುವ ರಾಸಾಯನಿಕ ಬೆರೆಸಿದ ದ್ರವದಲ್ಲಿ ಇರುತ್ತವೆ. 37 ಡಿಗ್ರಿ ನೀರಿನಲ್ಲಿ, ಕೊನೆಯ ಸಣ್ಣ ಮಂಜುಚೂರು ಉಳಿಯುವವರೆಗೆ ಬೇಗ ಕರಗಿಸುತ್ತಾರೆ. ಕರಗಿದ ಮೇಲೆ ತಡಮಾಡಿದಷ್ಟೂ ಕೋಶ ಸಾಯುತ್ತವೆ, ಗಂಟುಗಟ್ಟುತ್ತವೆ. ಆದ್ದರಿಂದ ಚೀಲ ಕರಗಿಸುವ ಮೊದಲೇ ನಿಮ್ಮ ಕೈಗೆ ಸೂಜಿ ಹಾಕಿ, ಸಲೈನ್ ಸರಾಗ ಹರಿಯುತ್ತಿದೆಯೇ ನೋಡಿರಬೇಕು. ಚೀಲದ ಮೇಲಿನ ಸಂಖ್ಯೆಯನ್ನೂ ನಿಮ್ಮ ಕೈಪಟ್ಟಿಯ ಸಂಖ್ಯೆಯನ್ನೂ ಇಬ್ಬರು ಓದಿ ತಾಳೆ ನೋಡಬೇಕು.

ರಕ್ತ ಕೊಡುವಾಗ ಬಳಸುವ 170–200 ಮೈಕ್ರಾನಿನ ಮಾಮೂಲಿ ಜಾಲರಿ ಗಂಟುಗಳನ್ನು ತಡೆಯುತ್ತದೆ. ಬಿಳಿರಕ್ತಕಣ ಸೋಸುವ ಫಿಲ್ಟರ್ ಅಲ್ಲಿ ಇರಕೂಡದು. ಅದು ಚಿಕಿತ್ಸೆಯ ಕೋಶಗಳನ್ನೇ ಹಿಡಿದುಬಿಡುತ್ತದೆ. ಕೋಶಗಳು ತಳಕ್ಕೆ ಇಳಿಯುವುದರಿಂದ ನರ್ಸ್ ಆಗಾಗ ಚೀಲವನ್ನು ಮೆಲ್ಲಗೆ ಆಡಿಸಬೇಕು. ನಾಡಿ, ಬಿಪಿ, ಉಸಿರಾಟ, ಆಮ್ಲಜನಕದ ಮಟ್ಟವನ್ನು ಆರಂಭದಲ್ಲಿ 15 ನಿಮಿಷಕ್ಕೊಮ್ಮೆಯಾದರೂ ನೋಡಬೇಕು. ಬಾಯಲ್ಲಿ, ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ ಬಂದರೆ ಗಾಬರಿ ಬೇಡ, ಅದು ಡಿಎಂಎಸ್‌ಒ. ಒಂದೆರಡು ದಿನದಲ್ಲಿ ಹೋಗುತ್ತದೆ. ತಾತ್ಕಾಲಿಕ ಜ್ವರ ಈ ಚಿಕಿತ್ಸೆಯಲ್ಲಿ ಅತಿ ಸಾಮಾನ್ಯವಾಗಿ ಕಂಡ ಅಡ್ಡಪರಿಣಾಮ. ಎದೆ ಬಿಗಿತ, ಏದುಸಿರು, ಆಮ್ಲಜನಕ ಇಳಿಯುವುದು, ತುಟಿ ಊದುವುದು, ಒಮ್ಮೆಲೇ ಬಿಪಿ ಕುಸಿಯುವುದು, ಇವುಗಳಲ್ಲಿ ಒಂದು ಕಂಡರೂ ಡ್ರಿಪ್ ನಿಲ್ಲಿಸಬೇಕು. ಶ್ವಾಸಕೋಶದಲ್ಲಿ ಹೆಪ್ಪು ಅಥವಾ ಅಲರ್ಜಿ ಆಗಿರಬಹುದು. ತುರ್ತು ಔಷಧ, ಆಮ್ಲಜನಕ ಕೈಗೆಟುಕದ ಕೋಣೆಯಲ್ಲಿ ಇದನ್ನು ಹಾಕಿಸಿಕೊಳ್ಳಬಾರದು.

ಆಮೇಲಿನ ತಿಂಗಳುಗಳು

ಕೋಶ ಪಡೆದ ಮೇಲೆ ಹಲವರು ಎಡವುವುದು ಸ್ಕ್ಯಾನ್ ತಪ್ಪಿಸುವುದರಲ್ಲಿ. ಚಿಕಿತ್ಸೆ ಆಯಿತಲ್ಲ ಎಂಬ ನೆಮ್ಮದಿಯಲ್ಲಿ ವರ್ಷ ಉರುಳುತ್ತದೆ, ಅಷ್ಟರಲ್ಲಿ 5.2 ಇದ್ದದ್ದು 5.6 ಆಗಿರಬಹುದು. ಕೋಶ ಹೋಗಿರಲಿ, ಪ್ಲಸೀಬೊ ಹೋಗಿರಲಿ, ಮೇಲೆ ಹೇಳಿದ ಸ್ಕ್ಯಾನಿನ ವೇಳಾಪಟ್ಟಿ ಒಂದು ದಿನವೂ ಬದಲಾಗುವುದಿಲ್ಲ. ಗಡಿ ದಾಟಿದಾಗ ದುರಸ್ತಿಯೂ ಹಾಗೆಯೇ. ಪ್ರಯೋಗದಲ್ಲಿರುವ ಕಾರಣಕ್ಕೆ ದುರಸ್ತಿಯನ್ನು ತಡೆಹಿಡಿಯುವುದಿಲ್ಲ ಎಂಬ ಸಾಲು ಒಪ್ಪಿಗೆ ಪತ್ರದಲ್ಲಿ ಇದೆಯೇ ಎಂದು ಸಹಿ ಹಾಕುವ ಮೊದಲೇ ನೋಡಿ.

ಸಿಗರೇಟ್, ಬೀಡಿ ಬಿಡುವುದು ಯಾವ ಕೋಶಕ್ಕಿಂತಲೂ ಗಟ್ಟಿಯಾದ ಆಧಾರವಿರುವ ಕ್ರಮ. ಸೇದುವವರ ಉಬ್ಬು ವರ್ಷಕ್ಕೆ ಸುಮಾರು 0.35 ಮಿ.ಮೀ. ಹೆಚ್ಚು ಬೆಳೆಯುತ್ತದೆ, ಒಡೆಯುವ ಸಾಧ್ಯತೆ ಸುಮಾರು ಎರಡು ಪಟ್ಟು. ಸಣ್ಣ ಉಬ್ಬಿರುವವರ ಜೀವಕ್ಕೆ ಹೃದಯಾಘಾತದ ಭಯವೇ ಉಬ್ಬು ಒಡೆಯುವ ಭಯಕ್ಕಿಂತ ದೊಡ್ಡದಾದ್ದರಿಂದ ಬಿಪಿ ಹತೋಟಿ, ವೈದ್ಯರು ಹೇಳಿದ ಸ್ಟ್ಯಾಟಿನ್ (ಕೊಲೆಸ್ಟರಾಲ್ ತಗ್ಗಿಸುವ) ಮಾತ್ರೆ ನಿಲ್ಲಿಸಬೇಡಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳನ್ನು ಈ ಉಬ್ಬಿರುವವರಿಗೆ ಬೇರೆ ಉಪಾಯವಿದ್ದರೆ ಕೊಡಬಾರದೆಂದು ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಮೂತ್ರದ ಸೋಂಕಿಗೋ ಕೆಮ್ಮಿಗೋ ಹೋದಾಗಲೂ ನಿಮಗೆ ಅನ್ಯೂರಿಸಂ ಇದೆ ಎಂದು ಮೊದಲೇ ಹೇಳಿ.

ಹೊಟ್ಟೆಯಲ್ಲೋ ಬೆನ್ನಿನಲ್ಲೋ ಪಕ್ಕೆಯಲ್ಲೋ ಒಮ್ಮೆಲೇ ಎದ್ದು ಬಿಡದೆ ಕಾಡುವ ನೋವು, ತಲೆಸುತ್ತು, ತಣ್ಣನೆಯ ಬೆವರು ಬಂದರೆ ಕಿಡ್ನಿ ಕಲ್ಲೋ ಗ್ಯಾಸೋ ಎಂದು ಮನೆಯಲ್ಲಿ ಕೂರಬೇಡಿ, ತಾವೇ ಗಾಡಿ ಓಡಿಸಿಕೊಂಡೂ ಹೋಗಬೇಡಿ. ಆ್ಯಂಬುಲೆನ್ಸ್ ಕರೆಯಿರಿ. ತುರ್ತು ವಿಭಾಗದಲ್ಲಿ ಮೊದಲು ಹೇಳಬೇಕಾದ್ದು ‘ಹೊಟ್ಟೆಯ ಮಹಾಪಧಮನಿಯಲ್ಲಿ ಅನ್ಯೂರಿಸಂ ಇದೆ’ ಎಂಬುದು, ಅದರ ಬೆನ್ನಿಗೇ ಕೊನೆಯ ಅಳತೆ ಮತ್ತು ದಿನಾಂಕ. ಸ್ಕ್ಯಾನಿನ ಅಳತೆಗಳನ್ನು ಬರೆದಿಟ್ಟ ಹಾಳೆಯ ಫೋಟೊ ಫೋನಿನಲ್ಲಿರಲಿ, ಅದರ ಕೆಳಗೆ ಪ್ರಯೋಗದ ನೋಂದಣಿ ಸಂಖ್ಯೆ, ಕೋಶ ಪಡೆದ ದಿನಾಂಕ ಮತ್ತು ಪ್ರಯೋಗ ತಂಡದ ತುರ್ತು ಫೋನ್ ನಂಬರ್ ಇರಲಿ. ಮನೆಯಲ್ಲಿ ಇನ್ನೊಬ್ಬರಿಗೂ ಅದು ಎಲ್ಲಿದೆ ಎಂದು ಗೊತ್ತಿರಲಿ.